ಪಾಯಿಂಟ್ ಬದಲಿಸಲು ಸರ್ವೋ, ಪಿಸಿಎ9685 ಬೋರ್ಡ್, ಡಿಸಿಸಿ-ಇಎಕ್ಸ್: ಬಳಸಿದ ಮೇಲೆ ಅನಿಸಿದ್ದು

ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮನೆಯ ಮಾಡೆಲ್ ರೈಲ್ವೆ ಲೇಔಟ್‌ನಲ್ಲಿ ಪಾಯಿಂಟ್‌ಗಳನ್ನು (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಬೆರಳಲ್ಲಿ ತಳ್ಳುವುದು ಬಿಟ್ಟು ಮೋಟರ್ ಹಾಕಬೇಕು ಅಂತಿದ್ದೀರಾ? ಹಾಗಿದ್ದರೆ ಎಸ್‌ಜಿ90 ಸರ್ವೋ (ಹೇಳಿದಷ್ಟೇ ತಿರುಗಿ ನಿಲ್ಲುವ ಪುಟ್ಟ ಮೋಟರ್), ಅದನ್ನು ಆಡಿಸಲು ಪಿಸಿಎ9685 ಬೋರ್ಡ್, ಅದಕ್ಕೆ ಆಜ್ಞೆ ಕೊಡಲು ಡಿಸಿಸಿ-ಇಎಕ್ಸ್ ಸಾಫ್ಟ್‌ವೇರ್ (ಡಿಸಿಸಿ ಅಂದರೆ ಹಳಿಯ ಮೂಲಕವೇ ಗಾಡಿಗಳಿಗೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ), ಈ ಮೂರನ್ನೂ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಖರ್ಚು ಕಡಿಮೆ ಅನ್ನುವುದು ನಿಜ, ಆದರೆ ನನಗೆ ಅದು ಎರಡನೆಯ ಕಾರಣ. ಪಾಯಿಂಟ್ ಯಾವಾಗ ತಿರುಗಬೇಕು, ಎಷ್ಟು ನಿಧಾನ ತಿರುಗಬೇಕು, ತಿರುಗಿದ ಮೇಲೆ ಇನ್ನೇನಾಗಬೇಕು ಅನ್ನುವುದನ್ನೆಲ್ಲ ನಾವೇ ಬರೆಯಬಹುದು, ಅದೇ ದೊಡ್ಡ ಕಾರಣ. ಎರಡು ಕಡೆ ಮಾತ್ರ ತುಂಬಾ ಜೋಪಾನವಾಗಿರಬೇಕು. ಒಂದು ಪವರ್, ಇನ್ನೊಂದು ಫ್ರಾಗ್, ಅಂದರೆ ಪಾಯಿಂಟ್‌ನಲ್ಲಿ ಎರಡು ಹಳಿ ಒಂದನ್ನೊಂದು ದಾಟುವ ತುಂಡು. ಇವೆರಡನ್ನೂ ಸರಿಯಾಗಿ ಮಾಡಿಕೊಂಡರೆ ಮಿಕ್ಕಿದ್ದು ಸುಲಭ.

ನನ್ನದು ಎಚ್‌ಒ ಸ್ಕೇಲ್, ಅಂದರೆ 1:87. ಹಳಿಯ ಅಗಲ 16.5 ಮಿಮೀ. ನಮ್ಮ ಬ್ರಾಡ್ ಗೇಜ್‌ನ 1676 ಮಿಮೀಯನ್ನು 87ರಿಂದ ಭಾಗಿಸಿದರೆ 19ರ ಮೇಲೆ ಬರಬೇಕು, ಆದರೆ ಅಂಗಡಿಯಲ್ಲಿ ಸಿಗುವ ಹಳಿ, ಪಾಯಿಂಟ್ ಎಲ್ಲ 16.5ರದ್ದೇ, ಹಾಗಾಗಿ ಇಲ್ಲಿ ಹೆಚ್ಚಿನವರು ಅದರಲ್ಲೇ ಓಡಿಸುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಒಂದು ಸಣ್ಣ ಕ್ರಾಸಿಂಗ್ ಸ್ಟೇಷನ್ ಥರ ಲೇಔಟ್ ಮಾಡಿಕೊಂಡಿದ್ದೇನೆ. 57 ಸುರಂಗ, 1 ಇನ್ 50 ಇಳಿಜಾರು ಇರುವ ಆ ದಾರಿಯನ್ನು ಒಂದು ಪ್ಲೈವುಡ್ ಹಾಳೆ ಮೇಲೆ ಪೂರ್ತಿ ತರುವುದಕ್ಕೆ ಆಗಲ್ಲ. ಎರಡು ಲೂಪ್ (ಗಾಡಿ ಪಕ್ಕಕ್ಕೆ ನಿಲ್ಲುವ ಹಳಿ), ಒಂದು ಕ್ರಾಸ್‌ಓವರ್ (ಅಕ್ಕಪಕ್ಕದ ಎರಡು ದಾರಿಗಳನ್ನು ಜೋಡಿಸುವುದು), ಒಂದು ಕ್ಯಾಚ್ ಸೈಡಿಂಗ್ (ಅದೇನು ಅಂತ ಮುಂದೆ ಹೇಳುತ್ತೇನೆ) ಬಂದಿದೆ, ಅಷ್ಟು ಸಾಕು. ಪಾಯಿಂಟ್‌ಗಳು ಪೆಕೋ ಕಂಪನಿಯ ಎಲೆಕ್ಟ್ರೋಫ್ರಾಗ್, ಅಂದರೆ ಫ್ರಾಗ್‌ನಲ್ಲೂ ಕರೆಂಟ್ ಹರಿಯುವಂಥವು.

ಬೇರೆ ದಾರಿಗಳನ್ನೂ ನೋಡಿಯೇ ಇದಕ್ಕೆ ಬಂದದ್ದು. ಪೆಕೋದವರ ಪಿಎಲ್-10 ಸೊಲೆನಾಯ್ಡ್ (ಕಾಯಿಲ್‌ನ ಅಯಸ್ಕಾಂತದಿಂದ ಎಳೆಯುವ ಮೋಟರ್) ಗಟ್ಟಿ ಮಾಲು, ವರ್ಷಗಟ್ಟಲೆ ಬಾಳುತ್ತದೆ. ಆದರೆ ಒಂದೇ ಏಟಿಗೆ ಟಕ್ ಅಂತ ಬಡಿಯುತ್ತದೆ. ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್ (ಒಂದು ಕ್ಷಣ ಮಾತ್ರ ಕರೆಂಟ್ ಕೊಡುವ ಸರ್ಕ್ಯೂಟ್) ಬೇರೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಟನ್ ಒತ್ತಿ ಹಿಡಿದ ಕ್ಷಣವೇ ಕಾಯಿಲ್ ಬಿಸಿಯಾಗಲು ಶುರು. ಸರ್ಕಿಟ್ರಾನ್ ಕಂಪನಿಯ ಟಾರ್ಟಾಯ್ಸ್ ಪಾಯಿಂಟ್ ಮೋಟರ್ ಬಗ್ಗೆ ನನಗೆ ಗೌರವ ಇದೆ. ನಿಧಾನಕ್ಕೆ ತಿರುಗುತ್ತದೆ, ಕೊನೆಗೆ ಬಂದು ಹಾಗೇ ಒತ್ತಿಕೊಂಡು ನಿಲ್ಲುತ್ತದೆ, ಹಾಗೆ ನಿಂತಾಗಲೂ ಎಳೆಯುವ ಕರೆಂಟ್ ಸುಮಾರು 15 ಮಿಲಿಆಂಪ್ ಅಷ್ಟೆ. ಒಳಗೇ ಎರಡು ಜೊತೆ ಕಾಂಟ್ಯಾಕ್ಟ್ ಇದೆ, ಫ್ರಾಗ್‌ಗೆ ಒಂದು, ಪ್ಯಾನೆಲ್ ದೀಪಕ್ಕೆ ಒಂದು. ಇದು ದೊಡ್ಡ ಅನುಕೂಲ, ಸರ್ವೋದಲ್ಲಿ ಇಲ್ಲ. ಆದರೆ ಅದನ್ನು ಹೊರದೇಶದಿಂದ ತರಿಸಿಕೊಂಡು ಒಂದೊಂದು ಪಾಯಿಂಟ್‌ಗೂ ಒಂದೊಂದು ಹಾಕುವಷ್ಟರಲ್ಲಿ ಇನ್ನೊಂದು ಎಂಜಿನ್‌ನ ದುಡ್ಡು ಮುಗಿದಿರುತ್ತದೆ. ಬೋರ್ಡ್ ಕೆಳಗೆ ಮೂರು ಇಂಚಿಗಿಂತ ಜಾಸ್ತಿ ಜಾಗವನ್ನೂ ಕೇಳುತ್ತದೆ. ನನ್ನ ಲೇಔಟ್ ಗೋಡೆಗೆ ಮಡಚಿಕೊಳ್ಳುವಂಥದ್ದು, ಅಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು?

ಎಸ್‌ಜಿ90 ಬರೀ 9 ಗ್ರಾಂ ತೂಕದ ಸರ್ವೋ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ನೂರು ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಮೂರು ವೈರ್: ಕಂದು ಗ್ರೌಂಡ್, ಕೆಂಪು 5 ವೋಲ್ಟ್, ಕಿತ್ತಳೆ ಸಿಗ್ನಲ್. ಪಿಸಿಎ9685 ಬೋರ್ಡ್‌ನಲ್ಲಿ ಇಂಥ 16 ಸರ್ವೋಗಳನ್ನು ಅದೇ ಕ್ರಮದಲ್ಲಿ ನೇರ ಚುಚ್ಚಬಹುದು. ಆ ಬೋರ್ಡ್‌ನಿಂದ ಆರ್ಡುಯಿನೋ ಮೆಗಾಗೆ (ಡಿಸಿಸಿ-ಇಎಕ್ಸ್ ಓಡುವ ಸಣ್ಣ ಕಂಪ್ಯೂಟರ್ ಬೋರ್ಡ್) ನಾಲ್ಕೇ ವೈರ್: ಗ್ರೌಂಡ್, ವಿಸಿಸಿ (ಚಿಪ್‌ನ ಪವರ್), ಆಜ್ಞೆ ಸಾಗಿಸುವ ಎಸ್‌ಡಿಎ, ಎಸ್‌ಸಿಎಲ್. ಮೆಗಾದಲ್ಲಿ ಎಸ್‌ಡಿಎ 20ನೇ ಪಿನ್, ಎಸ್‌ಸಿಎಲ್ 21ನೇ ಪಿನ್. ಹದಿನಾರು ಪಾಯಿಂಟ್‌ಗೆ ನಾಲ್ಕು ವೈರ್ ಸಾಕು ಅನ್ನುವುದು ಬೋರ್ಡ್ ಕೆಳಗೆ ಬೆನ್ನು ಬಗ್ಗಿಸಿ ವೈರಿಂಗ್ ಮಾಡಿದವರಿಗೆ ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

ಈಗ ಪವರ್. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಸರ್ವೋಗೆ ಬೇಕಾದ 5 ವೋಲ್ಟನ್ನು ಆರ್ಡುಯಿನೋದ 5 ವೋಲ್ಟ್ ಪಿನ್‌ನಿಂದ ತಗೊಳ್ಳಬೇಡಿ. ಒಂದು ಸರ್ವೋ ಸುಮ್ನೆ ತಿರುಗುವಾಗ ಕಡಿಮೆ ಎಳೆಯಬಹುದು, ಆದರೆ ಸಿಕ್ಕಿಹಾಕಿಕೊಂಡು ಒದ್ದಾಡುವಾಗ ಅರ್ಧ ಆಂಪ್ ದಾಟುತ್ತದೆ. ಮೂರು ನಾಲ್ಕು ಒಟ್ಟಿಗೆ ಎಳೆದರೆ ವೋಲ್ಟೇಜ್ ಬಿದ್ದು ಮೆಗಾ ರೀಸೆಟ್ ಆಗುತ್ತದೆ, ಓಡುತ್ತಿರುವ ರೈಲು ಅಲ್ಲಲ್ಲೇ ನಿಂತುಬಿಡುತ್ತದೆ. ಬೋರ್ಡ್ ಮೇಲಿನ ಸ್ಕ್ರೂ ಟರ್ಮಿನಲ್ ಇರುವುದೇ ಬೇರೆ ಪವರ್ ಸಪ್ಲೈ (ಎಸ್‌ಎಂಪಿಎಸ್) ಕೊಡುವುದಕ್ಕೆ. ಎಸ್‌ಪಿ ರೋಡ್‌ನ ಅಂಗಡಿಯಾತ ನನಗೆ ಹೇಳಿದ್ದೂ ಇದನ್ನೇ: "ಸರ್, ಎಲ್‌ಇಡಿ ಸ್ಟ್ರಿಪ್‌ಗೆ ಹಾಕೋ ಎಸ್‌ಎಂಪಿಎಸ್ಸೇ ಇದಕ್ಕೂ ಆಗುತ್ತೆ, 5 ವೋಲ್ಟ್ ಅಂತ ಬರೆದಿರೋದು ನೋಡ್ಕೊಂಡು ತಗೊಳ್ಳಿ, ನೋಡೋಕೆ 12ರದ್ದೂ ಹೀಗೇ ಇರುತ್ತೆ." ಒಳ್ಳೆಯ ಮಾತು. 5 ವೋಲ್ಟ್ 5 ಆಂಪ್ ಇದ್ದರೆ ಇಂಥ ಸ್ಟೇಷನ್‌ಗೆ ಧಾರಾಳ. ಮನೆಗೆ ತಂದ ಮೇಲೆ ಮಲ್ಟಿಮೀಟರ್ ಹಿಡಿದು ನೋಡಿ, ಆಮೇಲೆ ಕನೆಕ್ಟ್ ಮಾಡಿ. ಬೋರ್ಡ್ ಮೇಲೆ ಕೆಪಾಸಿಟರ್‌ಗೆ ಜಾಗ ಬಿಟ್ಟಿರುತ್ತಾರೆ, ಒಂದು ಸರ್ವೋಗೆ 100 ಮೈಕ್ರೋಫ್ಯಾರಡ್ ಲೆಕ್ಕದಲ್ಲಿ ಒಂದು ಹಾಕಿ. ಇದು ಐದು ಹತ್ತು ರೂಪಾಯಿಯ ಕೆಲಸ, ಉಳಿಸುವ ತಲೆನೋವು ಬಹಳ.

ಇನ್ನೊಂದು ವಿಷಯ, ವೈರ್‌ಗಳ ಉದ್ದ. ಬೋರ್ಡನ್ನು ಪಾಯಿಂಟ್‌ಗಳ ಗುಂಪಿನ ನಡುವೆ ಇಡಿ, ಸರ್ವೋ ಎಕ್ಸ್‌ಟೆನ್ಷನ್ ವೈರ್ ಆದಷ್ಟು ಗಿಡ್ಡ ಇರಲಿ. ಮೆಗಾದಿಂದ ಬರುವ ಎಸ್‌ಡಿಎ, ಎಸ್‌ಸಿಎಲ್ ವೈರ್‌ಗಳೂ ಅಷ್ಟೆ, ಅವು ದೂರದ ಪ್ರಯಾಣಕ್ಕೆ ಮಾಡಿದ್ದಲ್ಲ. ಮುಖ್ಯವಾಗಿ, ಹಳಿಗೆ ಹೋಗುವ ಡಿಸಿಸಿ ಬಸ್ ವೈರ್ ಜೊತೆ ಇವುಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಬೇಡಿ. ನೋಡೋಕೆ ಅಚ್ಚುಕಟ್ಟು ಅನಿಸುತ್ತದೆ, ಆದರೆ ಬಸ್ ವೈರ್‌ನ ವಿದ್ಯುತ್ ಗದ್ದಲ ಸಿಗ್ನಲ್ ವೈರಿಗೆ ಹತ್ತಿ ಸರ್ವೋ ನಡುಗಲು ಶುರುವಾಗುತ್ತದೆ.

ಫಿಟ್ಟಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ಎಲ್ಲರೂ ಇಲ್ಲೇ ಆತುರ ಮಾಡುತ್ತಾರೆ. ಸರ್ವೋ ತಂದ ತಕ್ಷಣ ಬೋರ್ಡ್ ಕೆಳಗೆ ಅಂಟಿಸಬೇಡಿ. ಮೊದಲು ಮೇಜಿನ ಮೇಲೆ ಇಟ್ಟು ಸಾಫ್ಟ್‌ವೇರ್‌ನಿಂದ 307 ಅನ್ನುವ ಸಂಖ್ಯೆ ಕಳಿಸಿ. ಲೆಕ್ಕ ಸರಳ. ಸರ್ವೋಗೆ ಸೆಕೆಂಡಿಗೆ 50 ಪಲ್ಸ್ ಹೋಗುತ್ತದೆ, ಅಂದರೆ 20 ಮಿಲಿಸೆಕೆಂಡಿಗೆ ಒಂದು, ಆ 20ನ್ನು ಈ ಚಿಪ್ 4096 ಭಾಗ ಮಾಡುತ್ತದೆ, ಹಾಗಾಗಿ 1 ಮಿಲಿಸೆಕೆಂಡ್ ಪಲ್ಸ್ ಅಂದರೆ ಸುಮಾರು 205, 2 ಅಂದರೆ 410, ನಡುಮಧ್ಯ 307. ಸರ್ವೋ ನಡುವಿಗೆ ಬಂದು ನಿಂತ ಮೇಲೆ ಅದರ ಕೈಯನ್ನು ನೇರವಾಗಿ ಕೂರಿಸಿ ಸ್ಕ್ರೂ ಹಾಕಿ. ಪಾಯಿಂಟ್‌ನ ಟಂಗ್ ರೈಲ್‌ಗಳನ್ನೂ (ಅತ್ತಿತ್ತ ಸರಿಯುವ ಹಳಿಗಳು) ಸರಿಯಾಗಿ ನಡುವಿಗೆ ತಂದು, ಅವೆರಡನ್ನೂ ಜೋಡಿಸುವ ಟೈ ಬಾರ್‌ನ ತೂತಿಗೆ ಸ್ಟೀಲ್ ವೈರ್ ಹೊಗಿಸಿ, ಆಮೇಲೆ ಸರ್ವೋವನ್ನು ಕೆಳಗೆ ಫಿಕ್ಸ್ ಮಾಡಿ. ಪೆಕೋ ಪಾಯಿಂಟ್‌ನೊಳಗಿನ ಸಣ್ಣ ಸ್ಪ್ರಿಂಗ್ ತೆಗೆದುಬಿಡಿ. ಅದಿದ್ದರೆ ನಿಧಾನಕ್ಕೆ ಹೋಗುತ್ತಿರುವ ಟಂಗ್ ರೈಲ್ ಅರ್ಧದಲ್ಲಿ ಫಟ್ ಅಂತ ಹಾರುತ್ತದೆ, ನಿಧಾನದ ಸೊಗಸೇ ಹೋಗುತ್ತದೆ.

ಆಮೇಲೆ ಸ್ವಲ್ಪ ಸ್ವಲ್ಪವೇ ಸಂಖ್ಯೆ ಏರಿಸುತ್ತಾ ಹೋಗಿ. 307, 315, 320, 325. ಟಂಗ್ ರೈಲ್ ಪಕ್ಕದ ಸ್ಟಾಕ್ ರೈಲ್‌ಗೆ (ಅಲುಗದ ಹಳಿ) ಮುಟ್ಟಿದ್ದು ಕಾಣುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ, ಇನ್ನು ನಾಲ್ಕೈದು ಸಂಖ್ಯೆ ಮುಂದೆ ಹೋಗಿ, ಆ ಸ್ಟೀಲ್ ವೈರ್ ಕೂದಲೆಳೆಯಷ್ಟು ಬಾಗಬೇಕು. ಆ ಬಾಗೇ ಟಂಗ್ ರೈಲನ್ನು ಒತ್ತಿ ಹಿಡಿಯುವುದು. ಅದಕ್ಕಿಂತ ಮುಂದೆ ಹೋದರೆ ಸರ್ವೋ ಗುಂಯ್ ಅನ್ನುತ್ತದೆ. ಆ ಸದ್ದು ಬಂತು ಅಂದರೆ ಹಿಂದಕ್ಕೆ ಬನ್ನಿ. ಇನ್ನೊಂದು ಕಡೆಗೂ ಹೀಗೇ. ನನ್ನ ಪಾಯಿಂಟ್‌ಗಳಲ್ಲಿ ಎರಡೂ ಬದಿಯ ಸಂಖ್ಯೆಗಳ ಅಂತರ ಅರವತ್ತು ಎಪ್ಪತ್ತು ದಾಟಿಲ್ಲ, ಅಂದರೆ ಸರ್ವೋ ತಿರುಗಬಲ್ಲಷ್ಟರಲ್ಲಿ ಸಣ್ಣ ಪಾಲಷ್ಟೇ ಬಳಕೆ. ಪ್ಲಾಸ್ಟಿಕ್ ಗೇರ್ ಬೇಗ ಸವೆಯುತ್ತದೆ ಅಂತ ಹೆದರುವವರಿಗೆ ಇದನ್ನೇ ಹೇಳುವುದು, ಇಷ್ಟು ಕಡಿಮೆ ಕೆಲಸಕ್ಕೆ ಅದು ಸವೆಯುವುದು ಕಷ್ಟ.

ಡಿಸಿಸಿ-ಇಎಕ್ಸ್ ಇನ್ನೂ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಸರ್ವೋ ತನ್ನ ಜಾಗಕ್ಕೆ ಹೋಗಿ ನಿಂತ ಮೇಲೆ ಪಲ್ಸ್ ಕಳಿಸುವುದನ್ನು ನಿಲ್ಲಿಸುತ್ತದೆ. ಹಾಗಾಗಿ ರಾತ್ರಿ ಕೋಣೆ ಸದ್ದಿಲ್ಲದೆ ಇರುತ್ತದೆ, ಸರ್ವೋ ಬಿಸಿಯಾಗಲ್ಲ, ಎಚ್‌ಒ ಪಾಯಿಂಟ್ ಹಿಡಿದಿಡಲು ಗೇರ್‌ನ ಬಿಗಿಯೇ ಸಾಕು.

ಸಾಫ್ಟ್‌ವೇರ್ ಪೂರ್ತಿ ಉಚಿತ. ಇದರ ಬೇರು 2015ರಲ್ಲಿ ಗ್ರೆಗ್ ಬರ್ಮನ್ ಮಾಡಿದ ಡಿಸಿಸಿ++, ಅದನ್ನು ಹವ್ಯಾಸಿಗಳ ಒಂದು ತಂಡ ಮುಂದುವರಿಸಿ ಡಿಸಿಸಿ-ಇಎಕ್ಸ್ ಮಾಡಿದೆ. ಅವರ ಇನ್‌ಸ್ಟಾಲರ್ ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಹೋದರೆ ಮೆಗಾಗೆ ಅದೇ ಲೋಡ್ ಮಾಡಿಕೊಡುತ್ತದೆ. ಪಾಯಿಂಟ್ ಸೇರಿಸುವುದಕ್ಕೆ ಎಕ್ಸ್‌ರೈಲ್ ಅನ್ನುವ ಭಾಗ ಇದೆ. ಒಂದು ಪಾಯಿಂಟ್‌ಗೆ ಒಂದು ಸಾಲು. ಅದರಲ್ಲಿ ಪಾಯಿಂಟ್ ನಂಬರ್, ಬೋರ್ಡ್‌ನ ಯಾವ ಪಿನ್ (ಮೊದಲ ಬೋರ್ಡ್‌ಗೆ 100ರಿಂದ 115, ಎರಡನೆಯದಕ್ಕೆ 116ರಿಂದ), ತಿರುಗಿದಾಗಿನ ಸಂಖ್ಯೆ, ನೇರ ಇದ್ದಾಗಿನ ಸಂಖ್ಯೆ, ವೇಗ, ಕೊನೆಗೆ ಹೆಸರು. ತಟ್ಟನೆ ತಿರುಗುವುದನ್ನು ಬಿಟ್ಟರೆ ವೇಗ ಮೂರು ಥರ: ಅರ್ಧ ಸೆಕೆಂಡ್, ಒಂದು ಸೆಕೆಂಡ್, ಎರಡು ಸೆಕೆಂಡ್. ಬೌನ್ಸ್ ಅಂತ ಇನ್ನೊಂದಿದೆ, ಅದು ಹಳೇ ಸೆಮಾಫೋರ್ ಸಿಗ್ನಲ್‌ನ ಕೈ ಬಿದ್ದಾಗ ಕುಲುಕುತ್ತದಲ್ಲ, ಅದಕ್ಕೆ. ನಾನು ಪಾಯಿಂಟ್‌ಗಳಿಗೆ ಎರಡು ಸೆಕೆಂಡಿನದ್ದೇ ಇಟ್ಟಿದ್ದೇನೆ. ಸಾಲು ಬರೆದು ಅಪ್‌ಲೋಡ್ ಮಾಡಿದರೆ ಫೋನಿನಲ್ಲಿ ಗಾಡಿ ಓಡಿಸುವ ಎಂಜಿನ್ ಡ್ರೈವರ್ ಆ್ಯಪ್‌ನಲ್ಲಿ ಪಾಯಿಂಟ್‌ಗಳು ಹೆಸರು ಸಮೇತ ಬಂದು ಕೂರುತ್ತವೆ.

ಕ್ರಾಸ್‌ಓವರ್‌ನ ಎರಡು ತುದಿಯೂ ಒಟ್ಟಿಗೆ ತಿರುಗಬೇಕಲ್ವಾ? ಒಂದನೆಯದು ತಿರುಗಿದರೆ ಎರಡನೆಯದನ್ನೂ ತಿರುಗಿಸು, ಒಂದನೆಯದು ನೇರವಾದರೆ ಎರಡನೆಯದನ್ನೂ ನೇರ ಮಾಡು, ಅಂತ ಎರಡು ಸಾಲು. ಎರಡನೆಯ ಪಾಯಿಂಟ್‌ಗೆ ಹೆಸರಿನ ಜಾಗದಲ್ಲಿ ಹಿಡನ್ ಅಂತ ಹಾಕಿದರೆ ಅದು ಫೋನಿನಲ್ಲಿ ಕಾಣುವುದೇ ಇಲ್ಲ, ಯಾರೂ ಅದನ್ನೊಂದನ್ನೇ ಒತ್ತಿ ಗಾಡಿ ಹಳಿ ತಪ್ಪಿಸುವ ಭಯ ಇಲ್ಲ.

ಈ ವ್ಯವಸ್ಥೆ ನನಗೆ ನಿಜಕ್ಕೂ ಇಷ್ಟವಾದದ್ದು ಕ್ಯಾಚ್ ಸೈಡಿಂಗ್ ಮಾಡುವಾಗ. ಸ್ಟೇಷನ್ ಕಡೆಗೆ 1 ಇನ್ 80ಕ್ಕಿಂತ ಕಡಿದಾದ ಇಳಿಜಾರು ಇದ್ದರೆ ರೈಲ್ವೆಯಲ್ಲಿ ಕ್ಯಾಚ್ ಸೈಡಿಂಗ್ ಬೇಕಾಗುತ್ತದೆ. ಬ್ರೇಕ್ ತಪ್ಪಿ ಇಳಿದು ಬರುವ ಗಾಡಿ ಸ್ಟೇಷನ್‌ಗೆ ನುಗ್ಗದೆ ಅಲ್ಲಿಗೆ ಹೋಗಿ ನಿಲ್ಲಲಿ ಅಂತ, ಆ ಪಾಯಿಂಟ್ ಯಾವಾಗಲೂ ಸೈಡಿಂಗ್ ಕಡೆಗೇ ಇರುತ್ತದೆ. ಗಾಡಿ ಬಂದು ಪೂರ್ತಿ ನಿಂತ ಮೇಲೆಯೇ ಮೇನ್ ಲೈನ್‌ಗೆ ತಿರುಗಿಸುವುದು. ಅಕ್ಕನ ಮಗ ಮೊದಲ ಸಲ ನೋಡಿದಾಗ ಕೇಳಿದ: "ಮಾಮ, ಇದು ಯಾಕೆ ಯಾವಾಗ್ಲೂ ದಾರಿ ಇಲ್ಲದ ಕಡೆಗೇ ತಿರುಗಿರುತ್ತೆ?" ಅವನಿಗೆ ಘಟ್ಟದ ಕಥೆ ಹೇಳಿದೆ. ಈಗ ಆ ಗಾಡಿ ನಿಲ್ಲಿಸುವ ಕೆಲಸ ಅವನದೇ, ಬೇರೆ ಯಾರಿಗೂ ಫೋನ್ ಕೊಡಲ್ಲ.

ಎಕ್ಸ್‌ರೈಲ್ ಫೈಲ್‌ನ ಮೇಲ್ಭಾಗದಲ್ಲಿ ಬರೆದದ್ದು ಪವರ್ ಆನ್ ಆದ ತಕ್ಷಣ ನಡೆಯುತ್ತದೆ. ಅಲ್ಲಿ ಕ್ಯಾಚ್ ಸೈಡಿಂಗ್ ಪಾಯಿಂಟನ್ನು ಸೈಡಿಂಗ್ ಕಡೆಗೆ ಹಾಕಿಸಿದ್ದೇನೆ. ಆಮೇಲೆ ಒಂದು ರೂಟ್, ಅಂದರೆ ಫೋನಿನಲ್ಲಿ ಒಂದೇ ಒತ್ತಿಗೆ ನಡೆಯುವ ಆಜ್ಞೆಗಳ ಸಾಲು. ಅದನ್ನು ಒತ್ತಿದರೆ ಪಾಯಿಂಟ್ ಮೇನ್ ಲೈನ್‌ಗೆ ಬರುತ್ತದೆ, ಗಾಡಿ ಇಳಿಯುತ್ತದೆ, ಮುಂದಿನ ಸೆನ್ಸರ್ ಅನ್ನು ಗಾಡಿ ಪೂರ್ತಿ ದಾಟಿದ ಮೇಲೆ ಪಾಯಿಂಟ್ ತಾನಾಗಿಯೇ ಸೈಡಿಂಗ್‌ಗೆ ವಾಪಸ್. ಎಲ್ಲ ಸೇರಿ ಐದಾರು ಸಾಲು. ಸೆನ್ಸರ್ ಇನ್‌ಫ್ರಾರೆಡ್‌ನದ್ದಾದರೆ ಒಂದು ಸೂಕ್ಷ್ಮ ಇದೆ. ಎರಡು ವ್ಯಾಗನ್ ನಡುವಿನ ಸಂದಿನಲ್ಲಿ ಬೆಳಕು ತೂರಿದರೆ ಗಾಡಿ ಮುಗಿಯಿತು ಅಂತ ಅದು ತಿಳಿದುಕೊಳ್ಳಬಹುದು, ಗಾಡಿ ನಿಧಾನ ಇದ್ದಾಗಲಂತೂ ಖಂಡಿತ. ಅದಕ್ಕೆ ಬೆಳಕು ಕೊಡುವುದನ್ನೂ ಹಿಡಿಯುವುದನ್ನೂ ಹಳಿಗೆ ಓರೆಯಾಗಿ ಎದುರುಬದುರು ಇಡಿ. ಓರೆ ಇದ್ದರೆ ಯಾವಾಗಲೂ ಯಾವುದಾದರೊಂದು ವ್ಯಾಗನ್ ಅಡ್ಡ ಇರುತ್ತದೆ.

ಇನ್ನು ಫ್ರಾಗ್. ಎಲೆಕ್ಟ್ರೋಫ್ರಾಗ್‌ನಲ್ಲಿ ಪಾಯಿಂಟ್ ಯಾವ ಕಡೆಗೆ ಇದೆಯೋ ಆ ಕಡೆಯ ಹಳಿಯ ಪೊಲಾರಿಟಿಯೇ ಫ್ರಾಗ್‌ಗೂ ಸಿಗಬೇಕು. ಫ್ರಾಗ್‌ನಿಂದ ಹೊರಡುವ ಎರಡೂ ಒಳ ಹಳಿಗೆ ಇನ್ಸುಲೇಟೆಡ್ ಜಾಯಿನರ್ ಹಾಕಲೇಬೇಕು. ಟಾರ್ಟಾಯ್ಸ್‌ನಲ್ಲಾದರೆ ಒಳಗಿನ ಕಾಂಟ್ಯಾಕ್ಟ್ ಇದನ್ನು ನೋಡಿಕೊಳ್ಳುತ್ತಿತ್ತು. ಇಲ್ಲಿ ಒಂದೋ ಸರ್ವೋ ಕೈಗೆ ತಾಗುವ ಹಾಗೆ ಸಣ್ಣ ಮೈಕ್ರೋಸ್ವಿಚ್ ಕೂರಿಸಬೇಕು, ಇಲ್ಲವೇ ರಿಲೇ (ಕರೆಂಟ್‌ನಿಂದ ಆಡುವ ಸ್ವಿಚ್) ಹಾಕಿ ಎಕ್ಸ್‌ರೈಲ್‌ನಿಂದ ಆಡಿಸಬೇಕು. ನಾನು ರಿಲೇ ಹಾಕಿದ್ದೇನೆ, ಅಡ್ಜಸ್ಟ್ ಮಾಡುವುದು ಸುಲಭ. ಆದರೆ ಗಮನಿಸಿ: ಬದಲಾಯಿಸದೆ ಹಾಗೇ ಹಾಕಿದ ಎಲೆಕ್ಟ್ರೋಫ್ರಾಗ್‌ನಲ್ಲಿ ಟಂಗ್ ರೈಲ್‌ಗಳೂ ಫ್ರಾಗ್‌ಗೆ ಸೇರಿಕೊಂಡಿರುತ್ತವೆ. ಟಂಗ್ ರೈಲ್ ಇನ್ನೂ ಹಳೇ ಸ್ಟಾಕ್ ರೈಲ್‌ಗೆ ಅಂಟಿಕೊಂಡಿರುವಾಗಲೇ ರಿಲೇ ಬಿದ್ದರೆ ನೇರ ಶಾರ್ಟ್. ಕಮಾಂಡ್ ಸ್ಟೇಷನ್ (ಮೆಗಾ ಮತ್ತು ಹಳಿಗೆ ಕರೆಂಟ್ ಕೊಡುವ ಮೋಟರ್ ಶೀಲ್ಡ್) ಟ್ರಿಪ್ ಆಗುತ್ತದೆ, ಎಲ್ಲ ಗಾಡಿ ನಿಲ್ಲುತ್ತದೆ. ಹಾಗಾಗಿ ಪಾಯಿಂಟ್ ಹೊರಟ ಮೇಲೆ ಸ್ವಲ್ಪ ತಡೆದು, ಟಂಗ್ ರೈಲ್ ಎರಡೂ ಕಡೆ ಮುಟ್ಟದೆ ನಡುವೆ ಇರುವಾಗ ರಿಲೇ ಬೀಳಬೇಕು. ಎರಡು ಸೆಕೆಂಡಿನ ಚಲನೆಗೆ 1000 ಮಿಲಿಸೆಕೆಂಡ್ ಡಿಲೇ ಕೊಟ್ಟರೆ ಸರಿಹೋಗುತ್ತದೆ. ಇದು ತಲೆ ತಿನ್ನುವ ಕೆಲಸ ಅನಿಸಿದರೆ ಯೂನಿಫ್ರಾಗ್ ಪಾಯಿಂಟ್ ತಗೊಳ್ಳಿ, ಅದರಲ್ಲಿ ಫ್ರಾಗ್ ಬೇರೆಯಾಗಿಯೇ ಇದ್ದು ಒಂದು ವೈರ್ ಹೊರಗೆ ಬಂದಿರುತ್ತದೆ, ಈ ಶಾರ್ಟ್ ತಾಪತ್ರಯ ಇಲ್ಲ.

ಸಮಾಧಾನ ಇಲ್ಲದ ವಿಷಯಗಳೂ ಇವೆ. ಸರ್ವೋ ನಿಜವಾಗಿ ತಿರುಗಿತೋ ಇಲ್ಲವೋ ಅನ್ನುವುದು ಸಾಫ್ಟ್‌ವೇರ್‌ಗೆ ಗೊತ್ತಾಗಲ್ಲ. ವೈರ್ ಕಳಚಿಹೋಗಿದ್ದರೂ ಫೋನಿನಲ್ಲಿ ತಿರುಗಿದೆ ಅಂತಲೇ ತೋರಿಸುತ್ತದೆ. ಪವರ್ ಕೊಟ್ಟ ಕ್ಷಣದಲ್ಲಿ ಕೆಲವು ಸರ್ವೋ ಒಂದು ಸಲ ಬೆಚ್ಚಿಬೀಳುತ್ತವೆ, ಅದಕ್ಕೆ ಸರ್ವೋದ 5 ವೋಲ್ಟ್‌ಗೆ ಬೇರೆ ಸ್ವಿಚ್ ಇಟ್ಟು ಮೆಗಾ ಶುರುವಾದ ಮೇಲೆ ಹಾಕುವುದು ಒಳ್ಳೆಯದು. ಆನ್‌ಲೈನಲ್ಲಿ ತರಿಸಿದ ಒಂದು ಕಟ್ಟಿನಲ್ಲಿ ಎರಡು ಸರ್ವೋಗಳ ಗೇರ್ ಕಚ್ಚಿಕೊಳ್ಳುತ್ತಲೇ ಇರಲಿಲ್ಲ, ಮಾರಿದವರು ಬದಲಿಸಿ ಕೊಡಲಿಲ್ಲ. ಅಂಗಡಿಯಲ್ಲಿ ಕೈಯಲ್ಲಿ ತಿರುಗಿಸಿ ನೋಡಿ ತರುವುದೇ ವಾಸಿ. ಡಿಸಿಸಿ-ಇಎಕ್ಸ್ ಮಾಹಿತಿ ತುಂಬಾ ಚೆನ್ನಾಗಿ ಬರೆದಿದ್ದಾರೆ, ಆದರೆ ಎಲ್ಲ ಇಂಗ್ಲಿಷ್. ಕನ್ನಡದಲ್ಲಿ ಇದ್ದಿದ್ದರೆ ಶಾಲೆ ಮಕ್ಕಳೂ ಮಾಡುತ್ತಿದ್ದರು, ನನಗೆ ಅದರ ಆಸೆ ಇದೆ.

ಈಗಾಗಲೇ ಡಿಸಿಸಿ ಆಕ್ಸೆಸರಿ ಡಿಕೋಡರ್ (ಡಿಸಿಸಿ ಆಜ್ಞೆ ಓದಿ ಪಾಯಿಂಟ್ ಆಡಿಸುವ ಬೋರ್ಡ್) ಇಟ್ಟುಕೊಂಡವರು ಅದನ್ನು ಎಸೆಯಬೇಕಿಲ್ಲ. ಡಿಸಿಸಿ-ಇಎಕ್ಸ್ ಅದಕ್ಕೂ ಆಜ್ಞೆ ಕಳಿಸುತ್ತದೆ. ಅಡ್ರೆಸ್ ಲೆಕ್ಕ ಮಾತ್ರ ನೋಡಿಕೊಳ್ಳಿ, ಬೇರೆ ಬೇರೆ ಕಂಪನಿಯವರು ಎಣಿಕೆ ಶುರುಮಾಡುವ ಜಾಗ ಬೇರೆ, ಹಾಗಾಗಿ ಒಂದರಲ್ಲಿ 1 ಇದ್ದದ್ದು ಇನ್ನೊಂದರಲ್ಲಿ 5 ಆಗಿರಬಹುದು. ಪಾಯಿಂಟ್ ತಿರುಗದಿದ್ದರೆ ಮೊದಲು ನಾಲ್ಕು ಕೂಡಿಸಿ ಅಥವಾ ಕಳೆದು ನೋಡಿ.

ಎರಡೇ ಪಾಯಿಂಟ್ ಇರುವ ಸಣ್ಣ ಲೇಔಟ್‌ಗೆ ಇದೆಲ್ಲ ಬೇಡ, ಕೈಯಲ್ಲೇ ತಳ್ಳಿ. ಬೆಸುಗೆ ಹಾಕಲು, ಕಂಪ್ಯೂಟರಲ್ಲಿ ನಾಲ್ಕು ಸಾಲು ಬರೆಯಲು ಮನಸ್ಸೇ ಇಲ್ಲದವರು ದುಡ್ಡು ಹೋದರೂ ಪರವಾಗಿಲ್ಲ ಟಾರ್ಟಾಯ್ಸ್ ತಗೊಳ್ಳಿ, ಬೇಸರ ಮಾಡಲ್ಲ. ಮಿಕ್ಕವರು ಒಂದು ಮೆಗಾ, ಒಂದು ಮೋಟರ್ ಶೀಲ್ಡ್, ಒಂದು ಬೋರ್ಡ್, ಎರಡು ಸರ್ವೋ, ಒಂದು 5 ವೋಲ್ಟ್ ಎಸ್‌ಎಂಪಿಎಸ್ ತಂದು ಮೇಜಿನ ಮೇಲೆ ಮೊದಲು ಆಡಿಸಿ ನೋಡಿ. ಮುಂದೆ ಎರಡನೆಯ ಬೋರ್ಡ್ ಬೇಕಾಗಬಹುದು ಅನಿಸಿದರೆ ಅದರ ಅಡ್ರೆಸ್ ಜಂಪರ್‌ಗೆ ಮೇಜಿನ ಮೇಲಿರುವಾಗಲೇ ಬೆಸುಗೆ ಹಾಕಿಬಿಡಿ, ಲೇಔಟ್ ಕೆಳಗೆ ಸ್ಕ್ರೂ ಮಾಡಿದ ಮೇಲೆ ಆ ಜಾಗಕ್ಕೆ ಬೆಸುಗೆ ಕಡ್ಡಿ ಹೋಗಲ್ಲ.